ಇಂಗ್ಲಿಷ್ ಬಾರದ ಇಂಗ್ಲಿಷ್ ಮೇಷ್ಟ್ರು

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ನಾನು ಒಂಬತ್ತು ವರ್ಷ ಮಾಡಿದ ಕೆಲಸ ಏನೆಂಬುದು ಅಮ್ಮನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಮೀಟಿಂಗ್ ರೂಮು ಯಾರಿಗೆ ಎಷ್ಟು ಹೊತ್ತಿಗೆ, ಕ್ಯಾಬು ಯಾವ ಗೇಟಿಗೆ, ಯಾರ ಹುಟ್ಟುಹಬ್ಬಕ್ಕೆ ಮೊಟ್ಟೆಯಿಲ್ಲದ ಕೇಕು, ಇದೆಲ್ಲ ನನ್ನ ಜವಾಬ್ದಾರಿ. ಒಂದು ದಿನ ಕಂಪನಿಯವರು ಅದನ್ನೆಲ್ಲ ಒಂದು ಆ್ಯಪಿಗೆ ವಹಿಸಿ ನನ್ನನ್ನು ಮನೆಗೆ ಕಳಿಸಿದರು. ನನ್ನ ಬೀಳ್ಕೊಡುಗೆಯ ಕೇಕನ್ನೂ ನಾನೇ ಆರ್ಡರ್ ಮಾಡಬೇಕಾಯಿತು.

ಮೂರು ತಿಂಗಳು ಮನೆಯಲ್ಲಿ ಕೂತ ಮೇಲೆ ಸಿಕ್ಕಿದ್ದು ಈಗಿನ ಕೆಲಸ. ಹೊರದೇಶಗಳಿಂದ ಬರುವ ಸ್ವಯಂಸೇವಕರನ್ನು ಇಲ್ಲಿನ ಸರ್ಕಾರಿ ಶಾಲೆಗಳಿಗೆ ಕಳಿಸಿ, ಅವರ ಊಟ, ವಸತಿ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆ. ಬ್ರೂಕ್‌ಫೀಲ್ಡಿನಲ್ಲಿ ಅವರ ಆಫೀಸು. ಅತ್ತಿಬೆಲೆ ಕಡೆಯ ಹಳ್ಳಿಗಳನ್ನು ಬಲ್ಲವರು ಅವರಿಗೆ ಬೇಕಿತ್ತು. ನಾನು ಹುಟ್ಟಿ ಬೆಳೆದದ್ದೇ ಅಲ್ಲಿ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮದೇ ಬಾಡಿಗೆ ಮನೆಗಳು ನಿಂತಿವೆ. ಮಹಡಿಯ ಮೇಲೊಂದು ಕೋಣೆ ಖಾಲಿಯಿತ್ತು. ಮೊದಲ ಅತಿಥಿಗೆ ಅದೇ ಆಗಲಿ ಎಂದೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಸಂಬ್ಳ ಇಲ್ದೆ ಕೆಲ್ಸ ಮಾಡಕ್ಕೆ ಇಮಾನ ಹತ್ಕೊಂಡು ಬತ್ತಾರಾ?"

"ಹೂನಮ್ಮ."

"ಅಂಗಾದ್ರೆ ಅವ್ರೂರಲ್ಲಿ ಏನೋ ಮಾಡ್ಬಿಟ್ಟು ಓಡ್ಬತ್ತಾವ್ರೆ. ಮೇಲ್ಗಡೆ ರೂಮ್ಗೆ ಬೀಗ ಗಟ್ಟಿದು ಹಾಕ್ಸು."

ಬಂದವರು ಹಂಗೇರಿ ದೇಶದ, ಅರವತ್ತೇಳು ದಾಟಿದ ಒಬ್ಬ ಆಜಾನುಬಾಹು. ಅರ್ಜಿಯಲ್ಲಿ ಅವರ ಇಂಗ್ಲಿಷ್ ಎಷ್ಟು ಸೊಗಸಾಗಿತ್ತೆಂದರೆ, ಇಂಗ್ಲಿಷ್ ಪಾಠಕ್ಕೆ ಇವರೇ ಸರಿ ಎಂದು ನಾನು ಕಣ್ಣು ಮುಚ್ಚಿ ಬರೆದುಕೊಂಡಿದ್ದೆ. ವಿಮಾನ ನಿಲ್ದಾಣದಿಂದ ಕರೆದುಕೊಂಡು ಬರುವಾಗ, ಪ್ರಯಾಣ ಹೇಗಿತ್ತು ಎಂದು ಕೇಳಿದೆ. "ಯೆಸ್" ಎಂದರು. ಹಸಿವಾಗಿದೆಯೇ ಎಂದೆ. "ಯೆಸ್." ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತಾಗ ಅನುಮಾನ ಬಂದು, ಫ್ಲೈಓವರನ್ನು ತೋರಿಸಿ "ಇದೇನಾ ನಿಮ್ಮೂರು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಮುಗುಳ್ನಕ್ಕು "ಯೆಸ್" ಎಂದರು. ಅರ್ಜಿ ಬರೆದದ್ದು ಅವರ ಮಗಳು ಎಂದು ಆಮೇಲೆ ತಿಳಿಯಿತು.

ಹೊಸ ಕೆಲಸ ಹೋಗಿಬಿಡುತ್ತದೆಂಬ ಭಯದಲ್ಲಿ ನಾನು ಯಾರಿಗೂ ಹೇಳದೆ ಅವರನ್ನು ಶಾಲೆಗೆ ಬಿಟ್ಟುಬಂದೆ. ಮೂರನೆಯ ದಿನ ಮುಖ್ಯೋಪಾಧ್ಯಾಯಿನಿಯ ಫೋನು ಬಂತು.

"ಮೇಡಂ, ಇಂಗ್ಲಿಷ್ ಹೇಳ್ಕೊಡೋರ್ನ ಕಳ್ಸಿ ಅಂದ್ರೆ ಇಂಗ್ಲಿಷ್ ಬರ್ದೇ ಇರೋರ್ನ ಕಳ್ಸಿದೀರಲ್ಲ! ನಮ್ಮ ನಾಲ್ಕನೇ ಕ್ಲಾಸ್ ಮಕ್ಳೇ ಅವ್ರಿಗೆ ಪಾಠ ಮಾಡ್ತಿದಾರೆ. ಒಂದ್ಸಲ ಬಂದು ನೋಡಿ."

ಸ್ಕೂಟರ್ ಹತ್ತಿ ಓಡಿದೆ. ಮಾತು ನಿಜವಾಗಿತ್ತು. ಮಕ್ಕಳ ಬೆಂಚಿನಲ್ಲಿ ಮಂಡಿ ಕಿವಿಗೆ ತಾಗುವಂತೆ ಮುದುಡಿ ಕೂತಿದ್ದ ಆ ದೊಡ್ಡ ಮನುಷ್ಯನ ಮುಂದೆ, ಎರಡು ಜಡೆಯ ಹುಡುಗಿಯೊಬ್ಬಳು ಅಡಿಕೋಲು ಹಿಡಿದು ನಿಂತಿದ್ದಳು. "ದಿಸ್ ಈಸ್ ಎ ಕ್ಯಾಟ್. ಜೋರಾಗಿ ಹೇಳಿ." ಅವರು ಜೋರಾಗಿಯೇ ಹೇಳಿದರು.

ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ದೊಡ್ಡ ಹುಡುಗಿಯರು ಗೇಟು ದಾಟಿ ಮನೆಯ ಕಡೆಗೆ ಓಡಿದರು. ನಮ್ಮ ಅತಿಥಿ ಅತ್ತ ಬೆರಳು ಮಾಡಿ, ಯಾಕೆ ಎಂಬಂತೆ ನನ್ನನ್ನು ನೋಡಿದರು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರದೆ ಒಂದು ವರ್ಷದಿಂದ ಬೀಗ ಬಿದ್ದಿತ್ತು. ಆ ಬೀಗವನ್ನು ತೋರಿಸಿದೆ. ಅವರು ಕೈಚಾಚಿ ಕೀಲಿಕೈ ಕೇಳಿದರು. ಮುಖ್ಯೋಪಾಧ್ಯಾಯಿನಿ ಬೀಗ ತೆಗೆದು ಬಾಗಿಲಲ್ಲೇ ಕಾವಲು ನಿಂತರು. ಅರ್ಧ ಗಂಟೆಯಾದ ಮೇಲೆ ಅತಿಥಿ ಮೊಣಕೈವರೆಗೆ ಕೆಸರು ಮೆತ್ತಿಕೊಂಡು, ತುಕ್ಕು ಹಿಡಿದ ಒಂದು ವಾಲ್ವನ್ನು ಎತ್ತಿ ಹಿಡಿದು ಹೊರಬಂದರು. ಇಷ್ಟು ಖುಷಿಯಲ್ಲಿ ನಾನು ಅವರನ್ನು ನೋಡಿರಲಿಲ್ಲ. ಸಂಜೆ ಅವರ ಮಗಳಿಗೆ ಫೋನು ಮಾಡಿದಾಗ ವಿಷಯ ಗೊತ್ತಾಯಿತು. ಮೂವತ್ತೈದು ವರ್ಷ ಅವರು ತಮ್ಮೂರಿನ ನೀರು ಸರಬರಾಜಿನಲ್ಲಿ ಫಿಟ್ಟರ್ ಆಗಿದ್ದವರು. "ಫಾರ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲವಲ್ಲ" ಎಂದಳು ಮಗಳು.

ಆ ಅಳತೆಯ ವಾಲ್ವು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅತ್ತಿಬೆಲೆ ಕೈಗಾರಿಕಾ ಪ್ರದೇಶದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದವನೊಬ್ಬನ ಬಳಿಗೆ ಅವರನ್ನು ಕರೆದೊಯ್ದೆ. ಇಬ್ಬರೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣದಲ್ಲಿ ಚಿತ್ರ ಬರೆಯತೊಡಗಿದರು. ನಾನು ಕರ್ತವ್ಯಪ್ರಜ್ಞೆಯಿಂದ ಫೋನಿನ ಅನುವಾದದ ಆ್ಯಪ್ ತೆಗೆದು ಅವನ ಮಾತನ್ನು ಹಂಗೇರಿಯನ್ನಿಗೆ ತಿರುಗಿಸಿದೆ. ಅದು ಏನು ಹೇಳಿತೋ, ಅವರು ಗಾಬರಿಯಾಗಿ ತಮ್ಮ ಕುತ್ತಿಗೆ ಮುಟ್ಟಿಕೊಂಡರು.

"ಅಕ್ಕ, ನೀವು ಸುಮ್ನೆ ಕೂತ್ಕೊಳ್ಳಿ" ಎಂದ ಲೇತಿನವನು. "ಮಧ್ಯ ನೀವು ಮಾತಾಡಿದ್ರೆ ನಮ್ಗೆ ಕನ್‌ಫ್ಯೂಸ್ ಆಗತ್ತೆ. ನೋಡು ಮಗಾ, ಥ್ರೆಡ್ ಈ ಕಡೆ ಬರ್ಬೇಕು, ಸರೀನಾ?"

ಅವರು ಹಂಗೇರಿಯನ್ನಿನಲ್ಲಿ ಏನೋ ಬೈದರು. ಅವನು ಕನ್ನಡದಲ್ಲಿ ವಾದಿಸಿದ. ಕೊನೆಗೆ ಅವರದೇ ಸರಿ ಎಂದು ಒಪ್ಪಿಕೊಂಡು ಮಿಷನ್ ಚಾಲೂ ಮಾಡಿದ. ನಾನು ಎಣ್ಣೆ ಡ್ರಮ್ಮಿನ ಮೇಲೆ ಕೂತು ಚಹಾ ಕುಡಿದೆ. ಒಂಬತ್ತು ವರ್ಷ ಜನರನ್ನು ಸರಿಯಾದ ಕೋಣೆಗೆ ತಲುಪಿಸಿದ್ದೇನೆ. ಆದರೆ ಒಳಗೆ ಹೋದವರು ಹೀಗೆ ಊಟ ಮರೆತದ್ದನ್ನು ನೋಡಿರಲಿಲ್ಲ. ನನಗೇ ಮಾಡಲು ಏನೂ ಉಳಿಯದ ಆ ಎರಡು ಗಂಟೆ ನನಗೆ ಬಹಳ ಸುಖವಾಗಿತ್ತು.

ನಾಲ್ಕನೆಯ ವಾರಕ್ಕೆ ನೀರು ಬಂದು ಶೌಚಾಲಯದ ಬಾಗಿಲು ತೆರೆಯಿತು. ಬ್ರೂಕ್‌ಫೀಲ್ಡಿನ ನಮ್ಮ ಮೇಲಧಿಕಾರಿಗೆ ನಡೆದದ್ದನ್ನೆಲ್ಲ ಹೆದರುತ್ತಲೇ ಹೇಳಿದೆ. ಅವರು ನಕ್ಕು, "ಮುಂದಿನ್ಸಲ ಫಾರ್ಮ್ ನಂಬ್ಬೇಡಿ, ಮನುಷ್ಯರನ್ನ ಕೇಳಿ" ಎಂದರಷ್ಟೆ.

ಬೀಳ್ಕೊಡುಗೆಯ ದಿನ ಶಾಲೆಗೆ ಶಿಕ್ಷಣಾಧಿಕಾರಿಗಳು ಬಂದರು. ನಿವೃತ್ತಿಗೆ ಹತ್ತಿರವಿದ್ದ, ನಗುವುದನ್ನು ಯಾರೂ ಕಾಣದ ಮನುಷ್ಯ. ಅವರು ಶಾಲು ಹೊದಿಸಿದಾಗ ನಮ್ಮ ಅತಿಥಿ ಕೈಮುಗಿದು, ಮೈಕಿನ ಮುಂದೆ ಸ್ಪಷ್ಟವಾಗಿ, "ಸಕ್ಕತ್ ಕಣೋ! ಥ್ಯಾಂಕ್ಸ್ ಮಗಾ!" ಎಂದರು. ಕನ್ನಡವೆಲ್ಲ ಲೇತ್ ವರ್ಕ್‌ಶಾಪಿನಲ್ಲಿ ಕಲಿತದ್ದು. ಮುಖ್ಯೋಪಾಧ್ಯಾಯಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಕ್ಷಮೆ ಕೇಳಲು ಎದ್ದೆ.

ಅಧಿಕಾರಿಗಳು ಕೈಯೆತ್ತಿ ತಡೆದರು. "ಇರ್ಲಿ ಬಿಡಿ ಮೇಡಂ. ನಮ್ಮಮ್ಮ ಹೋದ್ಮೇಲೆ ನನ್ನ ಯಾರೂ ಹಂಗೆ ಕರ್ದೇ ಇರ್ಲಿಲ್ಲ." ನಕ್ಕರೋ ಏನೋ, ಮೀಸೆ ಮಾತ್ರ ಅಲುಗಿತು.

ಇದೆಲ್ಲ ಆಗಿ ಮೂರು ವರ್ಷವಾಯಿತು. ಈಗ ಯಾರೇ ಬರಲಿ, ಮೊದಲು ನಾನೇ ಫೋನು ಮಾಡಿ, ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ನೀವು ಯಾವುದನ್ನು ಸರಿಮಾಡುತ್ತೀರಿ ಎಂದು ಕೇಳುತ್ತೇನೆ. ಕಳೆದ ವಾರ ಚಿಲಿ ದೇಶದ ಹೆಂಗಸೊಬ್ಬರು, ಜೇನುಗೂಡು ಬಿಡಿಸುವುದು ಬಿಟ್ಟು ತನಗೆ ಬೇರೇನೂ ಬರುವುದಿಲ್ಲ ಎಂದು ಸಂಕೋಚದಿಂದ ಹೇಳಿದರು. ನಿನ್ನೆ ಇಡೀ ದಿನ ಜೇನು ಕಟ್ಟಿದ ಶಾಲೆಗಳನ್ನು ಹುಡುಕುತ್ತಾ ಸ್ಕೂಟರಿನಲ್ಲಿ ಸುತ್ತಿದೆ. ಎರಡು ಸಿಕ್ಕಿವೆ.