ಮುದ್ದೆಮಾಲಿನ ಕೋಣೆಯಲ್ಲಿ ಚಿಟ್ಟೆಗಳು

ರೇಷ್ಮೆಗೂಡು ಯಾರಿಗೂ ಕಾಯುವುದಿಲ್ಲ. ಈ ಮಾತನ್ನು ಠಾಣೆಯಲ್ಲಿ ಎಷ್ಟು ಸಲ ಹೇಳಿದೆನೋ ನನಗೇ ಗೊತ್ತಿಲ್ಲ. ಮಾರುಕಟ್ಟೆಯಿಂದ ತಂದ ಗೂಡನ್ನು ನಾಲ್ಕೈದು ದಿನದೊಳಗೆ ಹಬೆಗಿಟ್ಟು ಒಳಗಿನ ಹುಳುವನ್ನು ಸಾಯಿಸಬೇಕು. ಇಲ್ಲದಿದ್ದರೆ ಅದು ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ರಾಮನಗರದಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಠಾಣೆಯವರಿಗೆ ಗೊತ್ತಿರಲಿಲ್ಲ ಎಂದರೆ ನಂಬಲು ನಾನೇನು ದಡ್ಡಿಯೇ?

ಆಗ ನಮ್ಮೂರು ಇನ್ನೂ ಬೆಂಗಳೂರು ಜಿಲ್ಲೆಯ ಒಂದು ತಾಲೂಕು. ಮನೆಯ ಹಿಂದೆಯೇ ನಮ್ಮ ಕಸಬು. ನಾನು ಚರಕ ತಿರುಗಿಸುತ್ತಿದ್ದೆ. ನನ್ನ ಯಜಮಾನರು ಬಿಸಿನೀರಿನ ಬಾಣಲೆಯ ಮುಂದೆ ಕೂತು, ತೇಲುವ ಗೂಡುಗಳಿಂದ ನೂಲಿನ ತುದಿ ಹಿಡಿಯುತ್ತಿದ್ದರು. ಆ ತುದಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ತಿಳಿಯಬೇಕು. ಮನೆಯೊಳಗೆ ನಮ್ಮದು ಉರ್ದು, ಹೊಸಿಲು ದಾಟಿದರೆ ಕನ್ನಡ. ನಾನು ಓದಿದ್ದೂ ಕನ್ನಡ ಶಾಲೆಯಲ್ಲೇ. ಅದಕ್ಕೇ ಠಾಣೆ, ಕೋರ್ಟು ಎಂದು ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು.

ನೂಲಿನ ಜೊತೆಗೆ ನಾವು ಚಂದ್ರಿಕೆಗಳನ್ನೂ ಬಾಡಿಗೆಗೆ ಕೊಡುತ್ತಿದ್ದೆವು. ಮೇಯುವುದು ಮುಗಿಸಿ ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ದೊಡ್ಡ ತಟ್ಟಿ ಅದು. ರೈತರು ಗಾಡಿಯಲ್ಲಿ ಒಯ್ದು, ಗೂಡು ಬಿಡಿಸಿದ ಮೇಲೆ ತಂದು ಅಂಗಳದಲ್ಲಿ ಒರಗಿಸಿ ಹೋಗುತ್ತಿದ್ದರು. ಪ್ರತಿಯೊಬ್ಬರದಕ್ಕೂ ಅಂಚಿನಲ್ಲಿ ಒಂದು ಬಣ್ಣದ ಗುರುತು, ನಮ್ಮದು ಹಸಿರು. ಆದರೆ ಬೆಳೆ ಬಿಡಿಸುವ ಗಡಿಬಿಡಿಯಲ್ಲಿ ಇವರದು ಅವರಿಗೆ, ಅವರದು ಇವರಿಗೆ ಸೇರುತ್ತಿತ್ತು. ಮುಂದಿನ ಬೆಳೆಗೆ ಬಂದಾಗ ನಿಂದು ತಗೋ, ನಂದು ಕೊಡು ಎಂದರೆ ಮುಗಿಯಿತು. ಅದನ್ನು ಕಳ್ಳತನವೆಂದು ಯಾರೂ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಅಕ್ಕೂರಿನ ರೈತನೊಬ್ಬನ ಹುಳುಮನೆಯಿಂದ ಬಿಡಿಸಿಟ್ಟ ಗೂಡು ಕಳುವಾಯಿತು. ಅವನು ದೂರು ಕೊಟ್ಟ. ಅವನ ಚಂದ್ರಿಕೆಗೆ ಕೆಂಪು ಗುರುತು. ಆ ಗುರುತೇ ಕಳ್ಳನನ್ನು ತೋರಿಸುತ್ತದೆಂದು ಪೊಲೀಸರು ಚಂದ್ರಿಕೆ ಇರುವ ಅಂಗಳಗಳನ್ನೆಲ್ಲ ಹುಡುಕಿಕೊಂಡು ಬಂದರು. ನಮ್ಮಲ್ಲಿ ಹಸಿರಿನ ನಡುವೆ ಒಂದು ಕೆಂಪು ಸಿಕ್ಕಿತು. ಅವತ್ತೇ ಬೆಳಿಗ್ಗೆ ನಾವು ಮಾರುಕಟ್ಟೆಯಿಂದ ಎರಡು ಮೂಟೆ ಗೂಡು ತಂದಿದ್ದೆವು. ನಾನು ಮಾರುಕಟ್ಟೆಯ ಚೀಟಿ ತೋರಿಸಿದೆ.

ದಫೇದಾರ ಅದನ್ನು ಓದಲೂ ಇಲ್ಲ. "ಈ ಚೀಟಿ ಈ ಗೂಡಿಂದೇ ಅಂತ ಗೂಡಿನ್ ಮ್ಯಾಲೆ ಬರ್ದೈತೇನಮ್ಮ?" ಎಂದ. ಮೂಟೆಗಳನ್ನೂ, ಯಜಮಾನರನ್ನೂ ಒಂದೇ ಜೀಪಿನಲ್ಲಿ ಹಾಕಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಕೋರ್ಟಿನ ಎದುರಿನ ವಕೀಲರೊಬ್ಬರ ಹತ್ತಿರ ಓಡಿದೆ. ವಯಸ್ಸಾದವರು, ಸಮಾಧಾನಿ. "ಹೆದರಬೇಡಮ್ಮ" ಎಂದರು. "ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು, ಸಂವಿಧಾನ ಹೇಳುತ್ತೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರನ್ನೂ ಬಲವಂತ ಮಾಡೋ ಹಾಗಿಲ್ಲ. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಾಗಿ ಉಳಿದಿಲ್ಲ, ನಿಜ. ಆದರೂ ಕಾನೂನಿನ ಆಧಾರ ಇಲ್ಲದೆ ಯಾರ ಸ್ವತ್ತನ್ನೂ ಕಿತ್ಕೊಳ್ಳೋ ಹಾಗಿಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಇಷ್ಟೆಲ್ಲ ನಮಗಾಗಿ ಬರೆದಿಟ್ಟಿದ್ದಾರಲ್ಲ ಎಂದುಕೊಂಡೆ. ಅದೇ ಧೈರ್ಯದಲ್ಲಿ ಠಾಣೆಗೆ ಹೋಗಿ ಗಂಟೆಯ ಲೆಕ್ಕ ಕೇಳಿದೆ.

"ನಿನ್ ಗಂಡನ್ನ ಇನ್ನೂ ಅರೆಸ್ಟೇ ಮಾಡಿಲ್ಲ ಕಣಮ್ಮ" ಎಂದ ದಫೇದಾರ. "ವಿಚಾರ್ಣೆಗೆ ಕರ್ಕಂಬಂದಿದ್ದೀವಿ ಅಷ್ಟೆ."

ಒಳಗಿನಿಂದ ಯಜಮಾನರ ದನಿ ಕೇಳುತ್ತಿತ್ತು. ಅರೆಸ್ಟಾಗದ ಮನುಷ್ಯನ ದನಿ ಹಾಗಿರುವುದಿಲ್ಲ. ನಾನು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಒಬ್ಬ ಕಾನ್‌ಸ್ಟೇಬಲ್ ಅಡ್ಡ ನಿಂತ.

ಸರಿ, ಗೂಡನ್ನಾದರೂ ಉಳಿಸಿಕೊಳ್ಳೋಣವೆಂದು ದಫೇದಾರನನ್ನು ಬೇಡಿದೆ. ಮೂಟೆಗಳನ್ನು ಎದುರಿನ ಸಣ್ಣ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಕೇಸಿಗೆಂದು ವಶಪಡಿಸಿಕೊಂಡ ಮಾಲಿಗೆ ಅವರು ಮುದ್ದೆಮಾಲು ಎನ್ನುತ್ತಿದ್ದರು. "ನೀವೇ ಕಾವಲು ನಿಲ್ಲಿ. ನಿಮ್ಮ ಕಣ್ಣೆದುರೇ ಹಬೆಗೆ ಇಟ್ಟು ವಾಪಸ್ ಇಲ್ಲೇ ಇಡ್ತೀನಿ. ಮನೆಗೆ ಒಯ್ಯಲ್ಲ" ಎಂದೆ.

"ಮುದ್ದೆಮಾಲು ಮುಟ್ಟಂಗಿಲ್ಲ ಕಣಮ್ಮ. ಸಾಕ್ಷಿ ಕೆಟ್ಟೋಯ್ತದೆ."

"ಮುಟ್ಟದೇ ಇದ್ದರೇ ಕೆಡೋದು" ಎಂದೆ. ಅವನು ಬೀಡಿ ಹಚ್ಚಿಕೊಂಡ.

ವಕೀಲರು ಗೂಡು ಬಿಡಿಸಿಕೊಡಿ ಎಂದು ಅರ್ಜಿ ಹಾಕಿದರು. ಸರ್ಕಾರದ ಕಡೆಯವರು ಆಕ್ಷೇಪಣೆಗೆ ಕಾಲಾವಕಾಶ ಕೇಳಿದರು. ಮ್ಯಾಜಿಸ್ಟ್ರೇಟರು ಮುಂದಿನ ವಾರ ಎಂದರು. ಮುಂದಿನ ವಾರವಂತೆ! ನಾನು ಕೋರ್ಟಿನ ಜಗುಲಿಯ ಮೇಲೆ ಕೂತು ಅತ್ತುಬಿಟ್ಟೆ, ಯಾರು ನೋಡುತ್ತಾರೆ ಎಂಬ ಪರಿವೆಯೂ ಇರಲಿಲ್ಲ.

ಅತ್ತ ಠಾಣೆಯೊಳಗೆ ದಫೇದಾರ ನಮ್ಮ ಯಜಮಾನರಿಗೆ ಇನ್ನೊಂದು ದಾರಿ ತೋರಿಸಿದ್ದ. "ಕದ್ದಿದ್ದೀನಿ ಅಂತ ಒಂದು ಸೈನ್ ಹಾಕ್ಬುಡು ಸಾಬ. ಸಂಜೆಗೇ ಗೂಡು ನಿಮ್ಮನೆಗೆ ಕಳಿಸ್ತೀನಿ, ನಿನ್ ಹೆಂಡ್ರು ಬೇಯಿಸ್ಕೊಳ್ಳಲಿ." ಅವರು ಏಟಿಗೆ ಬಗ್ಗಿರಲಿಲ್ಲ. ಗೂಡಿಗೆ ಬಗ್ಗಿದರು. ಬರೆದದ್ದನ್ನು ಓದಿಯೂ ಹೇಳಲಿಲ್ಲವಂತೆ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದರಂತೆ.

ಆ ಸಂಜೆ ಗೂಡು ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನ ಇವರನ್ನು ಕೋರ್ಟಿಗೆ ತಂದರು. ಕಾಗದದಲ್ಲಿ, ಹಿಂದಿನ ರಾತ್ರಿ ಬಸ್‌ ನಿಲ್ದಾಣದಲ್ಲಿ ಹಿಡಿದದ್ದು ಎಂದಿತ್ತು. ಇಪ್ಪತ್ತನಾಲ್ಕು ಗಂಟೆ ಸರಿಯಾಗಿ ಹೊಂದಿತು. ಮ್ಯಾಜಿಸ್ಟ್ರೇಟರು ತಲೆಯೆತ್ತಿ, ಪೊಲೀಸರಿಂದ ಏನಾದರೂ ತೊಂದರೆಯಾಯಿತೇ ಎಂದು ಕೇಳಿದರು. ದಫೇದಾರ ಒಂದು ಮೊಳ ದೂರದಲ್ಲಿ ನಿಂತಿದ್ದ. ಇವರು ಎರಡೂ ಕೈಯನ್ನು ಹೆಗಲವಸ್ತ್ರದೊಳಗೆ ಸುತ್ತಿಟ್ಟುಕೊಂಡು, ಇಲ್ಲ ಸ್ವಾಮಿ ಎಂದರು.

ನಾನು ಠಾಣೆಗೆ ಹೋದೆ. ಮುದ್ದೆಮಾಲಿನ ಕೋಣೆಯ ಬಾಗಿಲ ಸಂದಿಯಿಂದ ಬಿಳಿ ಚಿಟ್ಟೆಗಳು ಒಂದೊಂದಾಗಿ ಹೊರಗೆ ತೆವಳುತ್ತಿದ್ದವು. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ, ರೆಕ್ಕೆ ಬಡಿಯುತ್ತ ನೆಲದ ಮೇಲೆ ಗಿರಕಿ ಹೊಡೆಯುತ್ತದೆ. ಕಾನ್‌ಸ್ಟೇಬಲ್ ಒಬ್ಬ ಅವನ್ನು ಪೊರಕೆಯಿಂದ ಮೂಲೆಗೆ ಗುಡಿಸುತ್ತಿದ್ದ. ಥೂ, ನಿಮ್ಮ ಮನೆ ಹಾಳಾಗ ಎಂದು ಬಾಯಿಬಿಟ್ಟೇ ಬೈದೆ. ಅವನು ಗುಡಿಸುತ್ತಲೇ ಇದ್ದ.

ಜಾಮೀನಾಯಿತು. ಕೇಸು ವರ್ಷಗಟ್ಟಲೆ ನಡೆಯಿತು. ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೆ ಕೋರ್ಟಿನಲ್ಲಿ ಕಾಸಿನ ಬೆಲೆಯಿಲ್ಲ ಎಂದು ವಕೀಲರು ನಿಧಾನವಾಗಿ ತಿಳಿಸಿ ಹೇಳಿದರು. ಇವರು ತಮ್ಮ ಬೆರಳುಗಳನ್ನೇ ನೋಡುತ್ತ ಕೂತಿದ್ದರು. ಬಲಗೈಯ ಎರಡು ಬೆರಳು ನೆಟ್ಟಗಾಗಲೇ ಇಲ್ಲ. ಬಾಣಲೆಯ ಮುಂದೆ ಕೂತರೆ ನೂಲಿನ ತುದಿ ಸಿಗುತ್ತಿರಲಿಲ್ಲ. ಕೆಲವು ತಿಂಗಳು ಹೆಣಗಾಡಿ, ಕೊನೆಗೆ ಬಾಣಲೆಯನ್ನು ಮಗುಚಿಟ್ಟರು.

ಅಕ್ಕೂರಿನ ರೈತ ಕಟಕಟೆಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೇ ಹೇಳಿದ. "ಚಂದ್ರಿಕೆ ನಂದೇ ಸ್ವಾಮಿ. ಪಕ್ಕದ್ ಮನೆಯೋನು ಇಸ್ಕೊಂಡಿದ್ದ, ಅವ್ನು ಬಾಡ್ಗೆ ಚಂದ್ರಿಕೆ ಜೊತ್ಗೆ ಸಾಬ್ರ ಮನೇಲಿ ಇಳ್ಸ್‌ಬುಟ್ಟವ್ನೆ. ಗೂಡು ನಂದೋ ಅಲ್ವೋ ಯಂಗೇಳ್ಲಿ, ಗೂಡಿಗೆ ಗುರ್ತೈತಾ?" ಅವತ್ತೇ ಯಾರಾದರೂ ಅವನನ್ನು ಕೇಳಿದ್ದರೆ ಅವತ್ತೇ ಹೇಳುತ್ತಿದ್ದ. ಹೊರಗೆ ಬಂದು ಇವರ ಮುಂದೆ ತಲೆ ತಗ್ಗಿಸಿ, "ನಾನು ನಿಮ್ ಹೆಸ್ರು ಹೇಳಿರ್ಲಿಲ್ಲ ಸಾಬ್ರೇ" ಎಂದ. ನನಗೆ ಗೊತ್ತಿತ್ತು.

ಆರೋಪಿ ನಿರ್ದೋಷಿ, ಸ್ವತ್ತನ್ನು ಮಾಲೀಕನಿಗೆ ಹಿಂತಿರುಗಿಸಬೇಕು ಎಂದು ತೀರ್ಪಾಯಿತು. ನಾವಿಬ್ಬರೂ ಠಾಣೆಗೆ ಹೋದೆವು. ಎರಡು ಮೂಟೆ ತಂದು ಇಳಿಸಿದರು. ಬಿಚ್ಚಿ ನೋಡಿದೆ. ತೂತು ಗೂಡು, ಇಲಿಯ ಹಿಕ್ಕೆ, ಒಣಗಿ ಪುಡಿಯಾದ ಚಿಟ್ಟೆ.

ಕಾನ್‌ಸ್ಟೇಬಲ್ ರಸೀದಿ ಮುಂದಿಟ್ಟು ಓದತೊಡಗಿದ. "ವಶಪಡಿಸಿಕೊಂಡ ಸ್ವತ್ತನ್ನು ಸುಸ್ಥಿತಿಯಲ್ಲಿ..."

ರಸೀದಿಯಲ್ಲಿ ಹೀಗೇ ಬರೆದಿರುತ್ತದೆಂದು ವಕೀಲರು ಮೊದಲೇ ಹೇಳಿದ್ದರು, ಈ ಮಾತಿಗೆಂದೇ ನಾನು ಇಷ್ಟು ವರ್ಷ ಕಾದಿದ್ದೆ. ಏನು ಹೇಳಬೇಕೆಂದು ಮನೆಯಲ್ಲಿ, ದಾರಿಯಲ್ಲಿ ಉರು ಹೊಡೆದಿದ್ದೆ. ಸಂವಿಧಾನವೆಂದು ಶುರು ಮಾಡಿ, ಸುಸ್ಥಿತಿ ಎಂದರೆ ಯಾವುದಯ್ಯಾ, ಈ ಗೂಡೋ ಈ ಕೈಯೋ ಎಂದು ಕೇಳಿ, ಆ ಕಾಗದವನ್ನು ಅವನ ಮೇಜಿನ ಮೇಲೇ ಹರಿದು ಹಾಕುವವಳಿದ್ದೆ. ಬಾಯಿ ತೆರೆದು ಪಕ್ಕಕ್ಕೆ ತಿರುಗಿದೆ.

ಕಾನ್‌ಸ್ಟೇಬಲ್ ಓದಿ ಮುಗಿಸುವ ಮೊದಲೇ ಇವರು ಎದ್ದು ನಿಂತು, ಸೊಟ್ಟ ಬೆರಳುಗಳಲ್ಲಿ ಪೆನ್ನು ಹಿಡಿದು, ಸಹಿ ಹಾಕಿಬಿಟ್ಟಿದ್ದರು. ಹಾಕಿ, "ಇನ್ನೆಲ್ಲಾದರೂ ಹಾಕಬೇಕಾ ಸಾರ್?" ಎಂದು ಕೇಳುತ್ತಿದ್ದರು.