ತಂಗಡಿ ಹೂವಿನ ಪುಡಿ

ಸಕ್ಕರೆ ಕಾಯಿಲೆಗೆ ನಾನು ಕೊಡುವ ಪುಡಿ ಕೊಟ್ಟೂರಿನಲ್ಲಿ ಹೆಸರು ಮಾಡಿದೆ. ಅದು ತಂಗಡಿ ಹೂವಿನ ಪುಡಿ. ಆ ಗಿಡ ಇಲ್ಲಿ ಹೊಲದ ಬದುವಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಎಲ್ಲೆಂದರಲ್ಲಿ ಹಳದಿಯಾಗಿ ಅರಳಿ ನಿಂತಿರುತ್ತದೆ. ಆದರೆ ಔಷಧಿ ಕೊಡುವವನು ಗಿಡದ ಹೆಸರು ಹೇಳಿದರೆ ಅದರ ಗುಣ ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದು ನನಗೆ ಬಹಳ ಅನುಕೂಲವಾಯಿತು. ಹೆಸರು ಹೇಳಿದ್ದರೆ ನಮ್ಮ ಮನೆಗೆ ಯಾರು ಬರುತ್ತಿದ್ದರು?

ಹಸಿ ಹೂವು ಸಿಕ್ಕಾಗ ಹೆಂಡತಿ ತೊಗರಿಬೇಳೆಯ ಜೊತೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ರೊಟ್ಟಿಗೆ ಪಲ್ಯ ಮಾಡುತ್ತಾಳೆ. ಗುರುತು ಹಿಡಿದಾರೆಂದು ಬಂದವರಿಗೆ ಅದನ್ನು ಬಡಿಸಗೊಡುವುದಿಲ್ಲ. ಪುಡಿಯ ಪೊಟ್ಟಣ ಮಾತ್ರ ಕೊಟ್ಟು, ನನ್ನ ಸಕ್ಕರೆ ಇಳಿದದ್ದು ಇದರಿಂದಲೇ ಎನ್ನುತ್ತಿದ್ದೆ. ಡಾಕ್ಟರರ ಮಾತ್ರೆಯನ್ನೂ ದಿನಾ ನುಂಗುತ್ತೇನೆ ಎಂದು ಹೇಳುತ್ತಿರಲಿಲ್ಲ. ಮಾತ್ರೆಯನ್ನು ಯಾರು ಬೇಕಾದರೂ ನುಂಗುತ್ತಾರೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನು?

"ಊರಿಗೆಲ್ಲ ಹೂವು, ಇವರಿಗೆ ಮಾತ್ರಿ," ಎಂದು ಹೆಂಡತಿ ಚುಚ್ಚುತ್ತಿದ್ದಳು.

ಹೋದ ತಿಂಗಳು ಉಜ್ಜಿನಿಯಿಂದ ಬೀಗರು, ಅಂದರೆ ಮಗಳ ಮಾವ, ಬಂದರು. ಪಾದಕ್ಕೆ ಬಟ್ಟೆ ಸುತ್ತಿಕೊಂಡಿದ್ದರು.

"ಏನಾತ್ರಿ ಬೀಗರ, ಕಾಲಿಗೆ?"

"ಮುಳ್ಳು ಚುಚ್ಚಿತ್ರಿ. ಯಾಕೋ ಮಾಯವಲ್ದು. ಅದಿರ್ಲಿ, ನಿಮ್ಮ ಪುಡಿ ಸುರು ಮಾಡಿದ ಮ್ಯಾಲೆ ಮಾತ್ರಿ ಎಲ್ಲಾ ತಿಪ್ಪಿಗೆ ಒಗದೀನಿ."

ಇಂಥ ಗಾಯ ಕೆಟ್ಟರೆ ಕಾಲೇ ಹೋಗುತ್ತದೆ ಎಂದು ಡಾಕ್ಟರು ನನ್ನನ್ನೇ ಎಷ್ಟು ಸಲ ಹೆದರಿಸಿಲ್ಲ! ಮರ್ಯಾದೆ ಹೋದರೆ ಹೋಗಲಿ ಎಂದು ಬಾಯಿ ಬಿಟ್ಟೆ.

"ಬೀಗರ, ಅದು ಬರೀ ತಂಗಡಿ ಹೂವು. ನಾನೂ ದಿನಾ ಮಾತ್ರಿ ನುಂಗ್ತೀನ್ರಿ. ಸಕ್ರಿ ಇಳಿದದ್ದು ಅದರಿಂದ."

ಅವರು ನಕ್ಕುಬಿಟ್ಟರು. "ಕೈಗುಣ ಇದ್ದೋರು ಹಿಂಗ ನೋಡ್ರಿ, ನಂದೇನಿಲ್ಲ ಅಂತಾರ. ತಂಗಡಿ ಅಂತ ತಂಗಡಿ! ಗಿಡದ ಹೆಸರು ಮುಚ್ಚಿಡಾಕ ಎಂಥಾ ಸುಳ್ಳು ಹೇಳ್ತೀರಿ!"

ಮಾತ್ರೆ ತಂದು ತೋರಿಸಿದೆ.

"ಇವು ಅಕ್ಕಾರವು ಇರಬೇಕು."

"ನನಗ ಸಕ್ರಿ ಇಲ್ರಿ ಅಣ್ಣಾರ," ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಅದಕ್ಕೂ ನಕ್ಕರು.

ನಿಜ ಹೇಳಿ ಸೋತವನಿಗೆ ಹಳೆಯ ದಾರಿಯೊಂದೇ ಉಳಿದಿತ್ತು. ದನಿ ತಗ್ಗಿಸಿದೆ.

"ಗುಟ್ಟು ಹೇಳಿಬಿಡ್ತೀನಿ ಕೇಳ್ರಿ. ಒಂದೊಂದು ಔಷಧಿಗೆ ಒಂದೊಂದು ಅನುಪಾನ ಇರ್ತೈತಿ. ಕೆಲವನ್ನ ಜೇನಿನ ಜೋಡಿ ತಗೋಬೇಕು, ಕೆಲವನ್ನ ಮಜ್ಜಿಗಿ ಜೋಡಿ. ಈ ಪುಡಿಗೆ ಡಾಕ್ಟರ ಮಾತ್ರೀನ ಅನುಪಾನ. ಅದಿಲ್ಲ ಅಂದ್ರ ಪುಡಿ ಹತ್ತಂಗಿಲ್ಲ. ಅದನ್ನೂ ಡಾಕ್ಟರು ಗಾಯ ನೋಡೇ ಬರೀಬೇಕು."

"ಮೊದಲ ಹೇಳಬಾರದೇನ್ರಿ ಇದನ್ನ!" ಎಂದು ಎದ್ದೇಬಿಟ್ಟರು.

ಆಟೋ ಹಿಡಿದು ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಇಬ್ಬರಿಗೂ ಸೇರಿಸಿ ಬೈದರು. ಸದ್ಯ ಗಾಯ ಮಾಯುತ್ತಿದೆ, ಕಾಲು ಉಳಿದಿದೆ. ಬೀಗರು ಮಾತ್ರೆ ತಪ್ಪಿಸುವುದಿಲ್ಲ. ಆದರೆ ಉಜ್ಜಿನಿಯ ತುಂಬಾ ಹೊಗಳುವುದು ನನ್ನ ಪುಡಿಯನ್ನು.

ಮೊದಲಿನ ಸುಳ್ಳಿಗೆ ನನಗೆ ನಾಚಿಕೆಯಿದೆ. ಎರಡನೆಯದರ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ. ಅಷ್ಟರಲ್ಲಿ ಅವರು ಕಳಿಸಿದವರು ಬಾಗಿಲಿಗೆ ಬರುತ್ತಲೇ ಇರುತ್ತಾರೆ. ಪುಡಿಯ ಡಬ್ಬಿ ತೆಗೆಯುವ ಮೊದಲು ನಾನು ಕೇಳುತ್ತೇನೆ: "ಅನುಪಾನ ತಂದೀರೇನ್ರಿ?"