ನಾಲೆ ತಿರುವುಗಳನ್ನು ಬರೆದಿಟ್ಟ ಮೇಸ್ತ್ರಿ

ಎಡಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಮೇಸ್ತ್ರಿ ಕತ್ತರಿಸುತ್ತಿರಲಿಲ್ಲ. ಕುಂಬಳದ ಬೀಜದಂತೆ ಹಳದಿಗೆ ತಿರುಗಿ, ತುದಿಯಲ್ಲಿ ಚೂರು ಬಾಗಿದ್ದ ಉಗುರು ಅದು. ಕಾರಿನ ಮುಂಭಾಗದ ಪ್ಲಾಸ್ಟಿಕ್ ಪಟ್ಟಿಯ ಸಂದಿಗೆ ಅದನ್ನು ತೂರಿಸಿ ಒಮ್ಮೆ ಮೀಟಿದರೆ ಸಾಕು, ಟಕ್ ಎಂದು ಪಟ್ಟಿ ಬಿಚ್ಚಿಕೊಂಡು ಅಂಗೈಗೆ ಬೀಳುತ್ತಿತ್ತು. ಎಲ್ಲೂ ಒಂದು ಗೀರು ಇರುತ್ತಿರಲಿಲ್ಲ. ಕಾರು ಯಾರದ್ದೇ ಇರಲಿ, ಎಷ್ಟೇ ಹಳೆಯದಿರಲಿ, ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಗೆ ಕೂರುತ್ತಿದ್ದರು.

ಪಾಂಡವಪುರದ ಪೇಟೆಬೀದಿಯಿಂದ ಒಳಗೆ ತಿರುಗಿದರೆ, ಒಂದು ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಅವರ ಅಂಗಡಿ. ಕಾರಿನಲ್ಲಿ ಹಾಡು ಕೇಳಿಸುವ, ದಾರಿ ತೋರಿಸುವ ಸೆಟ್ಟುಗಳ ರಿಪೇರಿ ಅವರ ಕಸುಬು. ಗಿರಣಿಯಿಂದ ಹಾರಿಬಂದ ರಾಗಿ ಹಿಟ್ಟು ಅವರ ಹುಬ್ಬಿನ ಮೇಲೆ ಸದಾ ತೆಳ್ಳಗೆ ಕೂತಿರುತ್ತಿತ್ತು. ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಸಿಟ್ಟಿನಲ್ಲಿ. ಪಶುವೈದ್ಯೆಯಾಗಿ ಈ ಕಡೆಗೆ ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಮೈಸೂರಿನ ನಿವೃತ್ತ ಅಧ್ಯಾಪಕರೊಬ್ಬರಿಂದ ಕೊಂಡಿದ್ದ ಹಳೆಯ ಕಾರು ನನ್ನದು. ಅದರ ಸೆಟ್ಟು ಪೆನ್ ಡ್ರೈವ್ ಹಾಕಿದರೆ ಹಾಡುತ್ತಿರಲಿಲ್ಲ. ಹೆದ್ದಾರಿಯ ಮೇಲೆ ಹೋಗುತ್ತಿದ್ದರೆ ಪರದೆಯ ಮೇಲಿನ ಬಾಣ ಗದ್ದೆಯ ನಡುವೆ ಈಜುತ್ತಿತ್ತು. ಫೋನಿನಲ್ಲೇ ದಾರಿ ನೋಡೋಣವೆಂದರೆ ನಾಲೆ ಬಯಲಿನಲ್ಲಿ ಸಿಗ್ನಲ್ ಸಿಗದು. ಸಿಕ್ಕ ಕಡೆ ದನದ ಮಾಲೀಕರ ಕರೆ ನಿಲ್ಲದು. ಷೋರೂಮಿನವರು ಕೈಚೆಲ್ಲಿಬಿಟ್ಟಿದ್ದರು: ಈ ಮಾದರಿಗೆ ಇನ್ನು ಏನೂ ಬರುವುದಿಲ್ಲ, ಪೂರ್ತಿ ಬದಲಾಯಿಸಿ.

ಮೇಸ್ತ್ರಿ ನನ್ನ ಪೆನ್ ಡ್ರೈವನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕರು.

"ಇಷ್ಟು ದೊಡ್ಡದು ಇದ್ಕೆ ಜೀರ್ಣ ಆಗಾಕಿಲ್ಲ ಡಾಕ್ಟ್ರಮ್ಮ. ವಯಸ್ಸಾದ ಸೆಟ್ಟು ಇದು. ತುತ್ತು ತುತ್ತಾಗಿ ತಿನ್ನಿಸ್ಬೇಕು."

ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಹಳೆಯ ಕಾಲದ ಚಿಕ್ಕ ಪೆನ್ ಡ್ರೈವ್‌ಗಳನ್ನು ಅವರು ಕೂಡಿಟ್ಟಿದ್ದರು. ಅದರಲ್ಲೊಂದನ್ನು ಆರಿಸಿ, ಸೆಟ್ಟಿಗೆ ಅರ್ಥವಾಗುವ ಹಾಗೆ ಅಳಿಸಿ ಸಿದ್ಧಪಡಿಸಿ, ಹಾಡುಗಳನ್ನು ಸಣ್ಣ ಸಣ್ಣ ಕಂತೆಗಳಾಗಿ ತುಂಬಿದರು. ಕನ್ನಡದ ಹೆಸರುಗಳು ಪರದೆಯ ಮೇಲೆ ಬರೀ ಚೌಕಗಳಾಗಿ ಕಾಣುತ್ತಿದ್ದವು. ಒಂದೊಂದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಬೆರಳಿನಿಂದ ಟೈಪು ಮಾಡುತ್ತ ಕೂತರು. ಹಾಡು ಹೊರಟಾಗ ಸದ್ದು ಹೆಚ್ಚಿಸಲಿಲ್ಲ. ಬಾಗಿ, ಬಲಗಿವಿಯನ್ನು ಬಾಗಿಲಿನ ಸ್ಪೀಕರಿಗೆ ಹತ್ತಿರ ತಂದು ಕಣ್ಣು ಮುಚ್ಚಿದರು. ಕರುವಿನ ಎದೆಗೆ ನಾನು ಕಿವಿಗೊಡುವುದೂ ಹೀಗೆಯೇ ಅಲ್ಲವೇ ಎನ್ನಿಸಿ ನನ್ನ ಸಿಟ್ಟು ಎಲ್ಲೋ ಹೋಯಿತು.

ನಕ್ಷೆಗೆ ಮಾತ್ರ ಮೂರು ವಾರ ತೆಗೆದುಕೊಂಡರು. ಅದೇ ಮಾದರಿಯ, ಆದರೆ ಈಚಿನ ಕಾರೊಂದು ನಾಗಮಂಗಲದ ಗುಜರಿಯಲ್ಲಿ ಬಿದ್ದಿದೆಯೆಂದು ಯಾರಿಂದಲೋ ತಿಳಿದು, ಅದರ ನಕ್ಷೆಯ ಕಾರ್ಡನ್ನು ಹುಡುಕಿ ತಂದು ನನ್ನ ಸೆಟ್ಟಿಗೆ ಒಗ್ಗಿಸಿದರು. ಬಾಣ ಗದ್ದೆಯಿಂದ ಎದ್ದು ರಸ್ತೆಗೆ ಬಂತು. ನಾನು ಹಿಗ್ಗಿದೆ. ಅವರು ಹಿಗ್ಗಲಿಲ್ಲ.

"ಒಂದು ಮಾತು ತಿಳ್ಕಳಿ. ಸೆಟ್ಲೈಟು ಸುಳ್ಳೇಳಾಕಿಲ್ಲ. ನೀವು ಎಲ್ಲಿದ್ದೀರಿ ಅಂತ ಅದ್ಕೆ ಗೊತ್ತು. ಆದ್ರೆ ಮುಂದೆ ಏನೈತೆ ಅನ್ನೋದು ಯಾರೋ ಬರ್ದಿರೋದು. ಅವ್ರು ಬಂದು ನೋಡಿ ಬರ್ದವ್ರಾ, ಕೂತ್ಕಂಡು ಬರ್ದವ್ರಾ, ಯಾರಿಗ್ಗೊತ್ತು?"

ಆಗ ಅದು ಒಬ್ಬ ರಿಪೇರಿಯವನ ಮಾತಾಗಿ ಮಾತ್ರ ಕೇಳಿಸಿತು. ಅದರ ಭಾರ ತಿಳಿದದ್ದು ಮುಂದಿನ ಮಳೆಗಾಲದಲ್ಲಿ.

ಒಂದು ಮಧ್ಯಾಹ್ನ ಹೋದಾಗ ಅಂಗಡಿಯ ಮುಂದಿನ ಬಿಸಿಲಿನಲ್ಲಿ ಒಂದು ಮೊರ ಇತ್ತು. ಮೊರದಲ್ಲಿ ಬಿಚ್ಚಿ ಹರಡಿದ ಒಂದು ಸೆಟ್ಟು. ಅದರ ಸಂದಿಗಳಲ್ಲಿ ಒಣಗಿದ ಕೆಸರು. ಮೇಸ್ತ್ರಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೆಗೆಯುತ್ತಿದ್ದರು. ಒಳಗೆ ಸ್ಟೂಲಿನ ಮೇಲೆ ಸುಮಾರು ಮೂವತ್ತರ ಒಬ್ಬ ಹೆಂಗಸು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಅವಳ ಗಂಡನ ಕಾರು ವಾರದ ಹಿಂದೆ, ಸಂಜೆಯ ಮಳೆಯಲ್ಲಿ, ನಾಲೆಗೆ ಬಿದ್ದಿತ್ತು. ಅವನು ಬದುಕಲಿಲ್ಲ. ಅವತ್ತು ಬೆಳಗ್ಗೆ ಗಂಡಹೆಂಡಿರಿಗೆ ಮಾತಿಗೆ ಮಾತು ಬೆಳೆದು, ಅವಳು ಕಿಕ್ಕೇರಿ ಹತ್ತಿರದ ಗಂಡನ ಮನೆಯಿಂದ ಶ್ರೀರಂಗಪಟ್ಟಣದ ತವರಿಗೆ ಬಂದುಬಿಟ್ಟಿದ್ದಳು. ಆಮೇಲೆ ಗಂಡನ ಮನೆಯವರು ಒಂದೇ ಮಾತು ಹಿಡಿದಿದ್ದರು: ನಿನ್ನ ಬಾಯಿಗೆ ಬೇಸತ್ತೇ ಅವನು ಬೇಕೆಂದು ಕಾರನ್ನು ನೀರಿಗೆ ಬಿಟ್ಟ. ಅವಳಿಗೂ ಹಾಗೇ ಅನ್ನಿಸತೊಡಗಿತ್ತು. ಕಾರನ್ನು ನೋಡಿದ ಯಾರೋ, ಇದರ ಸೆಟ್ಟಿನಲ್ಲಿ ಏನಾದರೂ ಉಳಿದಿದ್ದರೆ ಮೇಸ್ತ್ರಿಯೇ ಹೇಳಬೇಕು ಎಂದು ಇಲ್ಲಿಗೆ ಕಳಿಸಿದ್ದರು. ಇದನ್ನೆಲ್ಲ ಮೇಸ್ತ್ರಿ ನನಗೆ ಹೊರಗೆ, ಮೊರದ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದರು. ನಾಲ್ಕು ದಿನದಿಂದ ಅವರು ಬೇರೆ ಕೆಲಸ ಮುಟ್ಟಿರಲಿಲ್ಲ.

ಸೆಟ್ಟನ್ನು ಜೋಡಿಸಿ ಒಳಗೆ ತಂದು, ತಂತಿಗಳನ್ನು ಬ್ಯಾಟರಿಗೂ ಒಂದು ಸ್ಪೀಕರಿಗೂ ಕೊಟ್ಟರು. ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ ಪರದೆ ಬೂದುಬಣ್ಣಕ್ಕೆ ತಿರುಗಿ, ನಡುಗಿ, ಬೆಳಗಿತು. ಅದರ ಜೊತೆಗೇ ಒಂದು ಹಾಡು ಶುರುವಾಯಿತು, ಮೊದಲಿನಿಂದಲ್ಲ, ನಡುವಿನಿಂದ. ನೀರು ನುಗ್ಗಿದಾಗ ಎಲ್ಲಿ ನಿಂತಿತ್ತೋ ಅಲ್ಲಿಂದ. ಆ ಹೆಂಗಸು ಎದ್ದು ನಿಂತಳು. ಮೇಸ್ತ್ರಿ ಹಾಡನ್ನು ನಿಲ್ಲಿಸಲು ಹೋಗಲಿಲ್ಲ. ಅದು ಮುಗಿಯುವವರೆಗೂ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ನಕ್ಷೆಯನ್ನು ತೆರೆದರು. ಅರ್ಧಕ್ಕೆ ನಿಂತ ಪ್ರಯಾಣವನ್ನು ಮುಂದುವರಿಸಬೇಕೇ ಎಂದು ಸೆಟ್ಟು ಕೇಳಿತು.

"ಇಲ್ಲಿ ನೋಡವ್ವ. ಈ ಬೀದಿ ಯಾವುದು?"

ಅವಳು ಹತ್ತಿರ ಬಂದಳು. "ನಮ್ಮಪ್ಪನ ಮನೆ ಬೀದಿ."

"ಅವ್ರು ಅವತ್ತು ಹೊಂಟಿದ್ದು ಇಲ್ಲಿಗೇ ಕಣವ್ವ."

ಕಾರು ನಿಂತಲ್ಲೇ ದಾರಿಯನ್ನು ನಡೆಸಿ ತೋರಿಸುವ ಸೌಲಭ್ಯ ಆ ಸೆಟ್ಟಿನಲ್ಲಿತ್ತು. ಮೇಸ್ತ್ರಿ ಅದನ್ನು ಒತ್ತಿದರು. ಪುಟ್ಟ ಬಾಣ ಕಿಕ್ಕೇರಿಯಿಂದ ಹೊರಟು ಹಳ್ಳಿಗಳನ್ನು ದಾಟಿ ಬಂತು. ನಾಲೆಯ ನೀಲಿ ಗೆರೆ ಬಂದಾಗ ಬಾಣ ತಿರುಗಲಿಲ್ಲ, ನೇರವಾಗಿ ಅದರ ಮೇಲೆ ಹಾಯಿತು. ಅಲ್ಲಿ ಹಿಂದೆ ಒಂದು ಕಿರು ಸೇತುವೆ ಇತ್ತಂತೆ. ಅದನ್ನು ಕೆಡವಿ ಕೂಗಳತೆಯ ಆಚೆ ಹೊಸದು ಕಟ್ಟಿ ವರ್ಷಗಳಾಗಿದ್ದವು. ಸೆಟ್ಟಿಗೆ ಅದು ಗೊತ್ತಿರಲಿಲ್ಲ.

"ಹತ್ರದ ದಾರಿ ಅಂತ ಒಳಗಿಂದ ಬಂದವ್ರೆ, ಮಳೇಲಿ ಏನೂ ಕಂಡಿಲ್ಲ. ಇದು ನೇರ ಓಗು ಅಂತು, ಅವ್ರು ಓದ್ರು. ಬೇಕೂ ಅಂತ ಬಿದ್ದಿದ್ದಲ್ಲ."

ಅವಳು ಪರದೆಯ ಮೇಲೆ, ಬಾಣ ಸೇರಿದ ಆ ಬೀದಿಯ ಮೇಲೆ ಬೆರಳಿಟ್ಟಳು. "ನನ್ನ ಕರ್ಕಂಡೋಗಕ್ಕೆ ಬತ್ತಿದ್ರಾ?"

"ಊಂ ಕಣವ್ವ. ನಿನ್ನ ಬಾಗ್ಲಿಗೇ ಬತ್ತಿದ್ರು."

ಅವಳು ಅತ್ತದ್ದನ್ನು ನಾನು ಬರೆಯಲಾರೆ. ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಸತ್ತವನ ಅಣ್ಣನಿಗೆ ಫೋನು ಮಾಡಿ ಕರೆಸಿ, ಅದೇ ಸ್ಟೂಲಿನ ಮೇಲೆ ಕೂರಿಸಿ, ಅದೇ ಬಾಣವನ್ನು ಮತ್ತೆ ನಡೆಸಿದರು. ಆ ದೊಡ್ಡ ಆಳು ಎದ್ದು, ತಮ್ಮನ ಹೆಂಡತಿಯ ಮುಂದೆ ಕೈಜೋಡಿಸಿದ. ಸೆಟ್ಟನ್ನು ಒಂದು ಬಿಳಿ ಪಂಚೆಯಲ್ಲಿ ಸುತ್ತಿ ಅವಳ ಕೈಗಿತ್ತು ಮೇಸ್ತ್ರಿ ಅಂಗಡಿ ಮುಚ್ಚಿದರು.

ಮುಂದಿನ ಮಂಗಳವಾರದಿಂದ ಅವರು ತಮ್ಮ ಮೊಪೆಡ್ ಹತ್ತಿದರು. ಮಂಗಳವಾರ ಅಂಗಡಿಗೆ ರಜೆ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕಿನ ನಾಲೆ ಏರಿಗಳ ಮೇಲೆ, ಗೂಡ್ಸು ಗಾಡಿಯೂ ಹೋಗಲು ಹೆದರುವ ದಾರಿಗಳಲ್ಲಿ, ಒಂಟಿಯಾಗಿ ಸುತ್ತಿದರು. ತಡೆಗೋಡೆ ಇಲ್ಲದ ತಿರುವು ಬಂದರೆ ಇಳಿದು, ನೀರಿನ ಅಂಚಿಗೆ ನಡೆದು, ಆ ಜಾಗದ ಅಂಕಿಗಳನ್ನು ಫೋನಿನಲ್ಲಿ ನೋಡಿ ಬರೆದುಕೊಳ್ಳುತ್ತಿದ್ದರು. ಮೊಣಕಾಲು ನೋಯುತ್ತಿತ್ತು, ನನ್ನ ಬಳಿ ದನಕ್ಕೆ ಹಚ್ಚುವ ಎಣ್ಣೆ ಕೇಳಿ ಹಚ್ಚಿಕೊಳ್ಳುತ್ತಿದ್ದರು. ಹೀಗೆ ಹತ್ತಿರ ಹತ್ತಿರ ಎರಡು ವರ್ಷ.

ವೇಗ ಹಿಡಿಯುವ ಕ್ಯಾಮೆರಾಗಳು ಎಲ್ಲಿವೆಯೆಂದು ಚಾಲಕರನ್ನು ಎಚ್ಚರಿಸಲು ಆ ಹಳೆಯ ಸೆಟ್ಟುಗಳೊಳಗೆ ಒಂದು ಪಟ್ಟಿ ಇರುತ್ತದೆ. ಜಾಗ ಹತ್ತಿರವಾದಾಗ ಸೆಟ್ಟು ಹಾಡನ್ನು ತಗ್ಗಿಸಿ ಸದ್ದು ಮಾಡುತ್ತದೆ. ಮೇಸ್ತ್ರಿ ಕ್ಯಾಮೆರಾಗಳನ್ನೆಲ್ಲ ಅಳಿಸಿ ಆ ಪಟ್ಟಿಯಲ್ಲಿ ನಾಲೆಯ ತಿರುವುಗಳನ್ನು ಬರೆದರು. ಸದ್ದಿನ ಜಾಗಕ್ಕೆ ಒಂದು ದನಿ ಬೇಕಾಯಿತು. ಯಾರಾದರೂ ಹುಡುಗಿಯಿಂದ ಇಂಪಾಗಿ ಹೇಳಿಸೋಣ ಎಂದೆ.

"ಬ್ಯಾಡಿ. ಇಂಪಾಗಿದ್ರೆ ಹಾಡು ಅನ್ಕಂಡು ಕೇಳ್ಕಂಡೇ ಓಗ್ಬುಡ್ತಾರೆ. ಬಯ್ದಂಗಿರ್ಬೇಕು."

ಗಿರಣಿ ನಿಂತ ಹೊತ್ತಿನಲ್ಲಿ ತಾವೇ ಫೋನು ಬಾಯಿಗೆ ಹಿಡಿದು ಹೇಳಿದರು. ಹಾಡು ತುಂಬಿಸಲು ಬಂದ ಪ್ರತಿಯೊಬ್ಬರ ಸೆಟ್ಟಿಗೂ, ಕೇಳಲಿ ಬಿಡಲಿ, ಆ ಪಟ್ಟಿಯನ್ನೂ ದನಿಯನ್ನೂ ಸೇರಿಸಿ ಕಳಿಸುತ್ತಿದ್ದರು. ಹಾಲಿನ ವ್ಯಾನಿನವರು, ಮದುವೆಗೆ ಬಾಡಿಗೆ ಹೊಡೆಯುವವರು, ನನ್ನಂಥವರು.

ಮಾರ್ಗಶಿರದ ಒಂದು ಬೆಳಗಿನ ಜಾವ ಚಿನಕುರಳಿ ಕಡೆಯಿಂದ ಕರೆ ಬಂತು. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ, ಕಾಲು ಒಂದೇ ಕಾಣುತ್ತಿದೆ ಎಂದು. ಹತ್ತಿರದ ದಾರಿಯೆಂದು ನಾಲೆಯ ಏರಿ ಹಿಡಿದೆ. ಮಂಜು ಎಷ್ಟಿತ್ತೆಂದರೆ ಕಾರಿನ ದೀಪ ಹತ್ತು ಮಾರಿನಾಚೆ ಮುಟ್ಟುತ್ತಿರಲಿಲ್ಲ. ನಿದ್ದೆ ಬರದಿರಲೆಂದು ಹಾಡು ಹಾಕಿದ್ದೆ. ಹಸುವಿನ ಚಿಂತೆಯಲ್ಲಿ ವೇಗ ಹೆಚ್ಚಿದ್ದು ತಿಳಿಯಲಿಲ್ಲ. ಹಾಡು ಇದ್ದಕ್ಕಿದ್ದಂತೆ ತಗ್ಗಿತು.

"ಲೇ, ನಿದಾನ ಕಣಪ್ಪ! ಮುಂದೆ ನಾಲೆ ಐತೆ!"

ಬ್ರೇಕಿನ ಮೇಲೆ ನಿಂತುಬಿಟ್ಟೆ. ಹಿಂದೆ ಔಷಧಿಯ ಪೆಟ್ಟಿಗೆ ಉರುಳಿತು. ಬಾಗಿಲು ತೆರೆದು ಇಳಿದೆ. ಮಂಜಿನೊಳಗೆ ನೀರಿನ ಸದ್ದು ಕೇಳುತ್ತಿತ್ತು, ತುಂಬ ಹತ್ತಿರದಲ್ಲಿ. ಐದು ಹೆಜ್ಜೆ ಇಟ್ಟೆ. ಆರನೆಯ ಹೆಜ್ಜೆಗೆ ನೆಲ ಇರಲಿಲ್ಲ. ಕಪ್ಪು ನೀರು ಅಂಚಿನವರೆಗೂ ತುಂಬಿ ಹರಿಯುತ್ತಿತ್ತು. ಕಾರಿನ ದೀಪದ ಬೆಳಕಿನಲ್ಲಿ ನೋಡಿದರೆ, ಅಂಚಿನ ಕೆಸರಿನಲ್ಲಿ, ಎಂದೋ ಒದ್ದೆಯಿದ್ದಾಗ ಮೂಡಿ ಒಣಗಿದ್ದ ಒಂದು ಸಣ್ಣ ಚಕ್ರದ ಗುರುತು ಇತ್ತು. ಅದು ಅವರ ಮೊಪೆಡ್ಡಿನದೇ ಎಂದು ನಾನು ಆಣೆ ಮಾಡಲಾರೆ. ಆದರೆ ಅಷ್ಟು ಅಂಚಿಗೆ ಬಂದು ನೋಡುವವರು ಬೇರೆ ಯಾರು? ಪೆಟ್ಟಿಗೆಯನ್ನು ನೆಟ್ಟಗಿಟ್ಟು, ತಿರುವನ್ನು ನಿಧಾನವಾಗಿ ದಾಟಿ ಹೋದೆ. ಹಸುವೂ ಕರುವೂ ಉಳಿದವು.

ಸಂಜೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಎಷ್ಟು ದೂರದಲ್ಲಿ ಕೂಗ್ತು?"

ಅವರ ಮುಖದಲ್ಲಿ ಹೆಮ್ಮೆ ಹುಡುಕಿದೆ, ಕಾಣಲಿಲ್ಲ. ನಾನು ನಿಂತ ಜಾಗವನ್ನು ಹೇಳಿದಾಗ, "ಮಂಜಿಗೆ ಇದು ಸಾಲದು. ಇನ್ನಷ್ಟು ಮುಂಚೆ ಕೂಗ್ಬೇಕು" ಎಂದು, ಅಂದೇ ಪಟ್ಟಿಯ ಪ್ರತಿಯೊಂದು ಸಾಲನ್ನೂ ತಿದ್ದಲು ಕೂತರು.

ಹೋದ ವರ್ಷ ಅವರ ಮೂತ್ರಪಿಂಡ ಕೆಟ್ಟಿತು. ಅಂಗಡಿ ವಾರದಲ್ಲಿ ಮೂರು ದಿನವಾಯಿತು, ಆಮೇಲೆ ಒಂದು ದಿನ. ಮಂಗಳವಾರಗಳಲ್ಲಿ ನಾನೇ ಹೋಗಿ ತಿರುವುಗಳನ್ನು ನೋಡಿ ಬಂದು ಹೇಳುತ್ತಿದ್ದೆ; ಪಟ್ಟಿ ತಿದ್ದುವುದನ್ನೂ ಸೆಟ್ಟಿಗೆ ತುಂಬುವುದನ್ನೂ ಅವರೇ ನನಗೆ ಕಲಿಸಿದರು. ಹೊಸಹೊಳಲು ದಾರಿಯ ಒಂದು ತಿರುವಿಗೆ ತಡೆಗೋಡೆ ಕಟ್ಟಿದ್ದಾರಂತೆ ಎಂದು ಅವರಿಗೆ ಸುದ್ದಿ ಬಂದದ್ದು ಆಸ್ಪತ್ರೆಯ ಮಂಚದ ಮೇಲಿದ್ದಾಗ.

"ನಿಜ ಇದ್ರೆ ಆ ಸಾಲು ತೆಗ್ದಾಕಿ. ಇಲ್ದಿರೋ ಕಡೆ ಕೂಗುದ್ರೆ, ಇರೋ ಕಡೆ ಕೂಗುದ್ರೂ ಜನ ಕೇಳಾಕಿಲ್ಲ."

ಹೋದೆ. ಹೊಸ ಕಾಂಕ್ರೀಟಿನ ಗೋಡೆ, ನನ್ನ ಸೊಂಟದೆತ್ತರಕ್ಕೆ, ತಿರುವಿನ ಉದ್ದಕ್ಕೂ ನಿಂತಿತ್ತು. ಅಲ್ಲಿಂದಲೇ ಫೋನು ಮಾಡಿದೆ.

"ಕಟ್ಟಿದ್ದಾರೆ ಮೇಸ್ತ್ರಿ."

"ಕೈಯಿಟ್ಟು ನೋಡುದ್ರಾ?"

ಫೋನನ್ನು ಗೋಡೆಯ ಮೇಲಿಟ್ಟು, ಎರಡೂ ಕೈಯಿಂದ, ಇದ್ದ ಬಲವೆಲ್ಲ ಹಾಕಿ ನೂಕಿದೆ.

"ನೋಡಿದೆ."

"ಗಟ್ಟಿ ಐತಾ?"

"ಗಟ್ಟಿಯಾಗಿದೆ."

"ಅಂಗಾದ್ರೆ ತೆಗೀರಿ. ಒಳ್ಳೇದಾಯ್ತು ಕಣ್ರಮ್ಮ. ಒಂದು ಕಡ್ಮೆ ಆಯ್ತು."

ಆಮೇಲೆ ಐದು ದಿನ ಇದ್ದರು. ಪಟ್ಟಿಯನ್ನೂ ದನಿಯನ್ನೂ ಅವರ ಹೆಂಡತಿ ನನ್ನ ಕೈಗೆ ಕೊಟ್ಟರು. ಈಗ ನಮ್ಮ ಪಶು ಆಸ್ಪತ್ರೆಯ ಮುಂದೆ, ಹಸು ಹಿಡಿದು ನಿಂತವರ ನಡುವೆ ಪೆನ್ ಡ್ರೈವ್ ಹಿಡಿದವರೂ ಒಬ್ಬಿಬ್ಬರು ನಿಂತಿರುತ್ತಾರೆ. ಹಸು ಮೊದಲು, ಆಮೇಲೆ ಅವರು. ಕೈ ತೊಳೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಅವರ ಕಾರಿನೊಳಗೆ ಕೂರುತ್ತೇನೆ.